ಸಿನಿಮಾದ ಕೋಟು ನಮ್ಮೂರ ಟೈಲರ್ ಹೊಲೀತಾರಾ?

ಈ ಸಲದ ಪತ್ರಗಳಲ್ಲಿ ಬ್ಲೌಸು, ಚೂಡಿದಾರ್ ಎಲ್ಲ ಹಿಂದೆ ಬಿದ್ದಿವೆ. ಬರೀ ಕೋಟು. ಅದೂ ಮದುವೆ ಕೋಟಲ್ಲ, ಸಿನಿಮಾದಲ್ಲಿ ಹೀರೋ ಹಾಕಿದ ಕೋಟು. ಸಿನಿಮಾ, ಕಾಮಿಕ್ಸ್ ಪಾತ್ರಗಳ ವೇಷ ಹಾಕಿಕೊಂಡು ಸೇರುವ ಕಾಮಿಕ್ ಕಾನ್ ಮೇಳ ಹತ್ತಿರ ಬಂತು ಅಂದರೆ ಬೆಂಗಳೂರಿನ ಹುಡುಗರು ಕೇಳುವುದು ಇದ್ದೇ ಇತ್ತು, ಈಗ ದಾವಣಗೆರೆ, ಹುಬ್ಬಳ್ಳಿಯಿಂದಲೂ ಕೇಳುತ್ತಿದ್ದಾರೆ. ಹಾಗಾಗಿ ಈ ಸಂಚಿಕೆ ಪೂರ್ತಿ ಕೋಟಿಗೇ ಬಿಟ್ಟಿದ್ದೇನೆ. ಬ್ಲೌಸಿನವರು ಬೇಜಾರು ಮಾಡಿಕೊಳ್ಳಬೇಡಿ, ಮುಂದಿನ ಸಂಚಿಕೆ ನಿಮ್ಮದೇ.

ಪ್ರಶ್ನೆ: ಮಾಸ್ಟರ್, ನಾನು ಎಂಜಿನಿಯರಿಂಗ್ ವಿದ್ಯಾರ್ಥಿ. ‘ಬ್ಲೇಡ್ ರನ್ನರ್ 2049’ ಸಿನಿಮಾದಲ್ಲಿ ರಯಾನ್ ಗಾಸ್ಲಿಂಗ್ ಹಾಕುವ ಉದ್ದ ಕೋಟು ಇದೆಯಲ್ಲ, ದೊಡ್ಡ ತುಪ್ಪಳದ ಕಾಲರ್ ಇರುವುದು, ಅಂಥದ್ದೇ ಹೊಲಿಸಬೇಕು. ಟೈಲರ್‌ಗೆ ಮೊಬೈಲಿನಲ್ಲಿ ಫೋಟೋ ತೋರಿಸಿದೆ. ಒಬ್ಬರು ಇದು ಲೆದರ್, ನಮ್ಮ ಮಷೀನಿನಲ್ಲಿ ಆಗಲ್ಲ ಅಂದರು. ಇನ್ನೊಬ್ಬರು ರೆಕ್ಸಿನ್ ತಂದುಕೊಡು, ಹೊಲಿದುಕೊಡ್ತೀನಿ ಅಂದರು. ಯಾರ ಮಾತು ಕೇಳಲಿ?
– ಕೆ. ಎಸ್., ದಾವಣಗೆರೆ

ಉತ್ತರ: ಇಬ್ಬರ ಮಾತೂ ಬೇಡ. ಅದು ಲೆದರ್ ಅಲ್ಲವೇ ಅಲ್ಲ. 2017ರ ಆ ಸಿನಿಮಾದ ಉಡುಪುಗಳನ್ನು ಮಾಡಿದವರು ರೆನೆ ಏಪ್ರಿಲ್. ಆಕೆ ಈ ಕೋಟಿಗೆ ಬಳಸಿದ್ದು ಕಾಟನ್. ಕಾಟನ್ ಬಟ್ಟೆಗೆ ಲ್ಯಾಮಿನೇಶನ್ ಮಾಡಿಸಿ, ಮೇಲೆ ಬಣ್ಣ ಕೊಟ್ಟು, ಉಣ್ಣೆ ಸಮೇತ ಹದ ಮಾಡಿದ ಕುರಿ ಚರ್ಮದ ಥರ ಕಾಣಿಸಿದರು. ತುಪ್ಪಳವೂ ನಕಲಿ. ಕಾರಣ ಏನು ಅಂದರೆ ಸಿನಿಮಾ ತುಂಬ ಮಳೆ. ನಿಜವಾದ ಉಣ್ಣೆ ಚರ್ಮದ ಕೋಟು ನೀರು ಕುಡಿದರೆ ಮಣ ಭಾರ ಆಗುತ್ತದೆ, ಅದನ್ನು ಹೊತ್ತುಕೊಂಡು ನಟ ದಿನವಿಡೀ ಶೂಟಿಂಗ್ ಮಾಡಬೇಕಲ್ಲ. ಕಥೆಗೂ ನಕಲಿಯೇ ಒಪ್ಪುತ್ತದೆ. ಆ ಲೋಕದಲ್ಲಿ ಪ್ರಾಣಿಗಳೇ ಹೆಚ್ಚುಕಡಿಮೆ ಮುಗಿದುಹೋಗಿವೆ, ಒಬ್ಬ ಪೊಲೀಸಿನವನಿಗೆ ಕುರಿ ಚರ್ಮ ಎಲ್ಲಿಂದ ಬರಬೇಕು?

ರೆಕ್ಸಿನ್ ಆಟೋ ಸೀಟಿಗೆ ಚೆನ್ನ. ಕೋಟಿಗೆ ಹಾಕಿದರೆ ಮೊಣಕೈ ಮಡಚಿದಲ್ಲೆಲ್ಲ ಗೆರೆ ಬಿದ್ದು ಹಾಗೇ ಉಳಿಯುತ್ತದೆ, ಒಳಗೆ ಗಾಳಿ ಆಡಲ್ಲ, ಸ್ವಲ್ಪ ದಿನಕ್ಕೆ ಮೇಲಿನ ಪದರ ಸಿಪ್ಪೆ ಏಳುತ್ತದೆ. ನೀವು ಹುಡುಕಬೇಕಾದ್ದು ದಪ್ಪ ಕಾಟನ್ ಕ್ಯಾನ್ವಾಸ್ ಅಥವಾ ಡ್ರಿಲ್, 280ರಿಂದ 340 ಜಿಎಸ್ಎಂ (ಒಂದು ಚದರ ಮೀಟರ್‌ಗೆ ಅಷ್ಟು ಗ್ರಾಂ) ತೂಕದ್ದು, ಒಂದು ಕಡೆ ಕೋಟಿಂಗ್ ಇದ್ದರೆ ಇನ್ನೂ ಒಳ್ಳೆಯದು. ಸೂಟಿನ ಬಟ್ಟೆ ಅಂಗಡಿಯಲ್ಲಿ ಇದು ಸಿಗುವುದು ಕಷ್ಟ. ಬ್ಯಾಗು, ಟೆಂಟು ಹೊಲಿಯುವವರು ಎಲ್ಲಿ ಬಟ್ಟೆ ತರುತ್ತಾರೋ ಅಲ್ಲಿ ಕೇಳಿ. 58 ಇಂಚು ಪನ್ನದ ಬಟ್ಟೆಯಾದರೆ ಮೂರೂವರೆ ಮೀಟರ್ ಇಟ್ಟುಕೊಳ್ಳಿ. ಕಾಟನ್‌ಗೆ ಮೇಣ ಸವರಿ ಲೆದರ್ ಕಳೆ ತರಬಹುದು ಅಂತ ಯಾರಾದರೂ ಹೇಳುತ್ತಾರೆ, ಬರುವುದೂ ನಿಜ, ಆದರೆ ನಿಮ್ಮೂರಿನ ಏಪ್ರಿಲ್ ಬಿಸಿಲಿಗೆ ಆ ಮೇಣ ಬೆವರಿದ ಹಾಗೆ ಅಂಟಂಟು ಆಗುತ್ತದೆ. ಬೇಡ ಬಿಡಿ.

ಈಗ ಮುಖ್ಯ ವಿಷಯ. ಟೈಲರ್ ಹೆದರಿದ್ದು ಹೊಲಿಗೆಗೆ ಅಲ್ಲ, ಫೋಟೋಗೆ. ಸಿನಿಮಾ ಫೋಟೋ ತೋರಿಸಿ ‘ಇಂಥದ್ದು ಬೇಕು’ ಅಂದರೆ ಎಂಥ ಒಳ್ಳೆ ಮಾಸ್ಟರೂ ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ಅದೇ ಕೋಟನ್ನು ಬಿಡಿಬಿಡಿಯಾಗಿ ಹೇಳಿ ನೋಡಿ. ‘ಮಾಸ್ಟರ್, ಬಾಡಿ ಓವರ್‌ಕೋಟಿನದು, ಮೊಣಕಾಲ ತನಕ. ತೋಳು ಸೂಟಿನ ಥರ ಎರಡು ಪೀಸು. ಜೇಬು ಓರೆ. ಕಾಲರ್ ಒಂದು ಮಾತ್ರ ಬೇರೆ ಥರ, ಅದನ್ನು ಇಬ್ಬರೂ ಕೂತು ಮಾಡೋಣ.’ ಇದರಲ್ಲಿ ಮುಕ್ಕಾಲು ಭಾಗ ಅವರು ದಿನಾ ಮಾಡುವ ಕೆಲಸವೇ. ಒಪ್ಪಿಕೊಳ್ಳುತ್ತಾರೆ.

ಆ ಕಾಲರ್ ಮೇಲೆತ್ತಿದರೆ ಬಾಯಿ ಮುಚ್ಚಬೇಕು, ಮತ್ತು ತಾನಾಗಿ ನಿಲ್ಲಬೇಕು. ಬರೀ ಫ್ಯೂಸಿಂಗ್, ಅಂದರೆ ಇಸ್ತ್ರಿಯಿಂದ ಅಂಟಿಸುವ ಒಳಬಟ್ಟೆ, ಹಚ್ಚಿದರೆ ನಿಲ್ಲುವುದಿಲ್ಲ, ತುಪ್ಪಳದ ಭಾರಕ್ಕೆ ಕುಸಿಯುತ್ತದೆ. ಒಳಗೆ ಕೋಟಿನ ಕ್ಯಾನ್ವಾಸ್, ಅಂದರೆ ಟೈಲರ್‌ಗಳು ಕೋಟಿನ ಒಳಪದರಕ್ಕೆ ಹಾಕುವ ಬಿರುಸು ಬಟ್ಟೆ, ಎರಡು ಪದರ ಹಾಕಿಸಿ. ಕೆಳ ಕಾಲರನ್ನು ಕ್ರಾಸ್‌ನಲ್ಲಿ, ಅಂದರೆ ಬಟ್ಟೆಯ ನೇಯ್ಗೆಗೆ ಓರೆಯಾಗಿ, ಕತ್ತರಿಸಿ, ಕ್ಯಾನ್ವಾಸನ್ನು ಅದಕ್ಕೆ ಕೈಹೊಲಿಗೆಯಲ್ಲಿ ಸಣ್ಣ ಸಣ್ಣ ಟಾಕಿ ಹಾಕುತ್ತಾ ಕೂರಿಸಬೇಕು, ಹಾಕುವಾಗಲೇ ಬೆರಳ ಮೇಲೆ ಬಗ್ಗಿಸಿ ಹಿಡಿದುಕೊಳ್ಳಬೇಕು. ಆಗ ಕಾಲರ್‌ಗೆ ಕುತ್ತಿಗೆಯ ಗುಂಡು ಬರುತ್ತದೆ. ತುಪ್ಪಳದ ಕಡೆಯ ತುಂಡು ಸುತ್ತಲೂ ಅರ್ಧ ಇಂಚು ದೊಡ್ಡದಿರಲಿ, ದಪ್ಪ ಬಟ್ಟೆ ಮಡಚಿದಾಗ ಅಷ್ಟು ತಿನ್ನುತ್ತದೆ. ಎತ್ತಿದ ಕಾಲರ್ ಎದುರಾಬದುರು ಕಚ್ಚಿಕೊಂಡು ನಿಲ್ಲಲು ಒಳಗೆ ಪುಟ್ಟ ಮ್ಯಾಗ್ನೆಟ್ ಇಟ್ಟು ಹೊಲಿದರೆ ಆಯಿತು. ಹೊಲಿಯುವ ಮುಂಚೆ ಎರಡನ್ನೂ ಹತ್ತಿರ ಹಿಡಿದು ನೋಡಿ, ಉಲ್ಟಾ ಇಟ್ಟರೆ ಒಂದನ್ನೊಂದು ತಳ್ಳುತ್ತವೆ, ಆಮೇಲೆ ಪೂರ್ತಿ ಬಿಚ್ಚಬೇಕು.

ಇನ್ನೊಂದು, ಮೊದಲು ಕೋರಾ ಬಟ್ಟೆಯಲ್ಲಿ ಒಂದು ಟ್ರಯಲ್ ಕೋಟು ಹೊಲಿಸಿ. ಖರ್ಚು ದಂಡ ಅನ್ನಿಸಬಹುದು. ಆದರೆ ಕೋಟಿಂಗ್ ಇರುವ ಬಟ್ಟೆಯಲ್ಲಿ ಸೂಜಿ ಚುಚ್ಚಿದ ತೂತು ಮುಚ್ಚಿಕೊಳ್ಳುವುದಿಲ್ಲ. ಬಿಚ್ಚಿ ಹೊಲಿದರೆ ಹಳೇ ಹೊಲಿಗೆಯ ಗುರುತು ಸಾಲಾಗಿ ಕಾಣುತ್ತದೆ. ಅಲ್ಟ್ರೇಶನ್ ಏನಿದ್ದರೂ ಕೋರಾ ಬಟ್ಟೆಯಲ್ಲೇ ಮುಗಿಯಬೇಕು.

ಪ್ರಶ್ನೆ: ಫೋಟೋ ನೋಡಿ ಅಳತೆ ತೆಗೆಯುವುದು ಹೇಗೆ? ಸಿನಿಮಾದ ಹೀರೋ ಆರು ಅಡಿ ಇರುತ್ತಾನೆ, ನಾನು ಐದೂವರೆ.
– ಹುಬ್ಬಳ್ಳಿಯ ಓದುಗ

ಉತ್ತರ: ಒಳ್ಳೆ ಪ್ರಶ್ನೆ, ಯಾರೂ ಕೇಳುವುದಿಲ್ಲ. ಹೀರೋ ತಲೆಯಿಂದ ಬೂಟಿನವರೆಗೆ ನೆಟ್ಟಗೆ ನಿಂತಿರುವ ಒಂದು ಫ್ರೇಮ್ ಹುಡುಕಿ. ಕ್ಯಾಮೆರಾ ಅವನ ಸೊಂಟದ ಮಟ್ಟದಲ್ಲಿ ಇರಬೇಕು, ಅವನು ಪರದೆಯ ಮಧ್ಯದಲ್ಲಿ ಇರಬೇಕು. ಕೆಳಗಿನಿಂದ ತೆಗೆದ ಶಾಟ್‌ನಲ್ಲಿ ಕಾಲು ಉದ್ದ ಕಾಣುತ್ತದೆ, ಅಂಚಿನಲ್ಲಿ ನಿಂತಿದ್ದರೆ ಮೈ ಅಗಲ ಎಳೆದಂತೆ ಆಗುತ್ತದೆ. ಆ ಫ್ರೇಮನ್ನು ಪ್ರಿಂಟ್ ಹಾಕಿಸಿ ಸ್ಕೇಲ್ ಇಟ್ಟು ಅಳೆಯಿರಿ.

ಉದಾಹರಣೆಗೆ ಪ್ರಿಂಟಿನಲ್ಲಿ ಆಸಾಮಿಯ ಎತ್ತರ 18 ಸೆಂ.ಮೀ., ಕುತ್ತಿಗೆಯ ಬುಡದಿಂದ ಕೋಟಿನ ಅಂಚಿಗೆ 11 ಸೆಂ.ಮೀ. ಅಂದುಕೊಳ್ಳಿ. 11ನ್ನು 18ರಿಂದ ಭಾಗಿಸಿ, ನಿಮ್ಮ ಎತ್ತರ 168 ಸೆಂ.ಮೀ.ಗೆ ಗುಣಿಸಿ. ಹತ್ತಿರ ಹತ್ತಿರ 103 ಸೆಂ.ಮೀ. ಬರುತ್ತದೆ, ಅಂದರೆ ನಲವತ್ತೂವರೆ ಇಂಚು. ಹೀರೋ ಕೋಟಿನ ನಿಜವಾದ ಉದ್ದ ಗೊತ್ತಾದರೂ ಅದನ್ನು ಹಾಗೇ ಹಾಕಿಸಬೇಡಿ, ನಿಮ್ಮ ಕಾಲಿನ ಮೇಲೆ ಅದು ಬೇರೆ ಕಡೆ ಬಂದು ನಿಲ್ಲುತ್ತದೆ, ನೋಡಿದವರಿಗೆ ಅಪ್ಪನ ಕೋಟು ಹಾಕಿಕೊಂಡಂತೆ ಕಾಣುತ್ತದೆ.

ಎದೆ, ಸೊಂಟ, ಭುಜ ಇವನ್ನೆಲ್ಲ ಫೋಟೋದಿಂದ ತೆಗೆಯಲೇಬೇಡಿ. ಅದು ನಿಮ್ಮ ಮೈಯಿಂದ. ಫೋಟೋದಿಂದ ಬೇಕಾದ್ದು ಅಂದರೆ ಜೇಬು ಎಲ್ಲಿ ಶುರು, ಗುಂಡಿಗಳ ನಡುವೆ ಎಷ್ಟು ಜಾಗ, ಕಾಲರ್ ಭುಜದ ಎಷ್ಟು ಭಾಗ ತಿನ್ನುತ್ತದೆ, ಇಷ್ಟೇ. ಜೇಬಿನ ವಿಷಯಕ್ಕೆ ಮಾತ್ರ ಲೆಕ್ಕವನ್ನೂ ಪಕ್ಕಕ್ಕಿಡಿ. ಕೋಟು ಚಿಕ್ಕದಾದ ಮಾತ್ರಕ್ಕೆ ಕೈ ಚಿಕ್ಕದಾಗಲ್ಲ, ಜೇಬಿನ ಬಾಯಿ ನಿಮ್ಮ ಅಂಗೈ ಹೋಗುವಷ್ಟು ಇರಲೇಬೇಕು.

ಮತ್ತೆ, ಒಂದು ಸೀನಿನಲ್ಲಿ ಮಡಿಕೆ ಹೀಗಿದೆ, ಇನ್ನೊಂದರಲ್ಲಿ ಹಾಗಿದೆ ಅಂತ ತಲೆ ಕೆಡಿಸಿಕೊಳ್ಳಬೇಡಿ. ಸಿನಿಮಾಗೆ ಒಂದೇ ಕೋಟು ಹೊಲಿಯುವುದಿಲ್ಲ. ಹೊಸದು ಒಂದು, ಕೊಳೆ ಮಾಡಿದ್ದು ಒಂದು, ಫೈಟಿಂಗ್‌ಗೆ ಸಡಿಲ ಇರುವುದು ಒಂದು, ಹೀಗೆ ಹಲವು ಇರುತ್ತವೆ. ನಿಮಗೆ ಇಷ್ಟವಾದ ಒಂದು ಸೀನ್ ಆರಿಸಿಕೊಂಡು ಅದಕ್ಕೇ ಅಂಟಿಕೊಳ್ಳಿ.

ಪ್ರಶ್ನೆ: ‘ಮ್ಯಾಟ್ರಿಕ್ಸ್’ ಸಿನಿಮಾದ ನಿಯೋ ಕೋಟು ಹೊಲಿಸಲು ಪ್ಯೂರ್ ಲೆದರ್ ಬೇಕೇ ಬೇಕಾ? ಎಲ್ಲಿ ಹೊಲಿಸುವುದು?
– ಆರ್. ಪಿ., ಮಂಗಳೂರು

ಉತ್ತರ: ಯಾವ ಸಿನಿಮಾದ ಕೋಟು ಅಂತ ಮೊದಲು ಹೇಳಿ. 1999ರ ಮೊದಲ ಸಿನಿಮಾದಲ್ಲಿ ಇದ್ದದ್ದು ಮುಂದೆ ಬಿಚ್ಚಿದ ಉದ್ದ ಕೋಟು. 2003ರಲ್ಲಿ ಬಂದ ‘ರೀಲೋಡೆಡ್’ನಲ್ಲಿ ಇರುವುದು ಕುತ್ತಿಗೆಗೆ ನಿಂತ ಪಟ್ಟಿ ಕಾಲರ್, ಎದೆಗೆ ಬಿಗಿ, ಸೊಂಟದಿಂದ ಕೆಳಗೆ ಘೇರು. ಎರಡನ್ನೂ ವಿನ್ಯಾಸ ಮಾಡಿದವರು ಕಿಮ್ ಬ್ಯಾರೆಟ್. ಲೆದರ್ ಅಂತ ಎಲ್ಲರೂ ನಂಬಿರುವ ಆ ಮೊದಲ ಕೋಟು ಉಲ್ಲನ್ ಮಿಶ್ರಣದ ಸಾಧಾರಣ ಬಟ್ಟೆ. ಬಜೆಟ್ ಕಡಿಮೆ ಇತ್ತು. ನಾಯಕಿ ಟ್ರಿನಿಟಿಯ ಮಿರಿಮಿರಿ ಡ್ರೆಸ್ ಕೂಡ ಲೆದರ್ ಅಲ್ಲ, ಪಿವಿಸಿ ಅನ್ನುವ ಪ್ಲಾಸ್ಟಿಕ್. ಹಾಗಾಗಿ ಲೆದರ್‌ಗೆ ದುಡ್ಡು ಸುರಿಯಬೇಡಿ. ಕೋರ್ಟಿನ ಸುತ್ತಮುತ್ತ ವಕೀಲರ ಕೋಟು ಹೊಲಿಯುವ ಅಂಗಡಿ ಇರುತ್ತಲ್ಲ, ಅಲ್ಲಿ ಒಳ್ಳೆ ಕಪ್ಪು ಬಟ್ಟೆ ಸಿಗುತ್ತದೆ. ಮೊದಲ ಕೋಟಿಗೆ ಅಷ್ಟು ಸಾಕು.

‘ರೀಲೋಡೆಡ್’ ಕೋಟು ಅಂದರೆ ನೀವು ಪುಣ್ಯವಂತರು, ಯಾಕಂದರೆ ಮಂಗಳೂರಿನಲ್ಲಿದ್ದೀರಿ. ಆ ಕೋಟು ನೋಡಲು ಥೇಟ್ ಚರ್ಚಿನ ಪಾದ್ರಿಗಳ ನಿಲುವಂಗಿ. ನಿಮ್ಮೂರಿನಲ್ಲಿ ಅದನ್ನು ಹೊಲಿಯುವವರು ಇದ್ದಾರೆ, ಹುಡುಕಿ ಹೋಗಿ. ನಮ್ಮ ಕಡೆ ಪಾದ್ರಿಗಳು ಸೆಕೆಗೆ ಜಾಸ್ತಿ ಬಿಳಿಯದನ್ನೇ ಹಾಕುತ್ತಾರೆ, ನೀವು ಕಪ್ಪು ಬಟ್ಟೆ ಕೊಡಿ, ಕಟ್ಟಿಂಗ್ ಅದೇ. ಅವರು ಸಿಗದಿದ್ದರೆ ಶೇರ್ವಾನಿ ಹೊಲಿಯುವವರು. ಬೆಂಗಳೂರಿನವರಾದರೆ ಶಿವಾಜಿನಗರ ಅಂತ ಹೇಳುತ್ತಿದ್ದೆ. ನಿಂತ ಕಾಲರ್, ಎದೆಗೆ ಕ್ಯಾನ್ವಾಸ್, ಗುಂಡಿ ಕಾಣದ ಪಟ್ಟಿ, ಇದೆಲ್ಲ ಅವರಿಗೆ ನೀರು ಕುಡಿದಷ್ಟು ಸಲೀಸು. ಹಳೇ ಮೈಸೂರು ಕಡೆ ಕಚ್ಚೆ ಪಂಚೆಯ ಮೇಲೆ ಕ್ಲೋಸ್ ಕಾಲರ್ ಉದ್ದ ಕೋಟು ಹಾಕಿ ಪೇಟ ಇಟ್ಟುಕೊಂಡು ಓಡಾಡುತ್ತಿದ್ದ ಹಿರಿಯರ ಫೋಟೋ ನೋಡಿದ್ದೀರಲ್ಲ? ಆ ಕಾಲರಿಗೂ ನಿಯೋ ಕಾಲರಿಗೂ ದೊಡ್ಡ ವ್ಯತ್ಯಾಸ ಇಲ್ಲ. ಪೇಟ ಒಂದು ಇಲ್ಲ ಅಷ್ಟೇ.

ಕೆಳಗಿನ ಘೇರು ಮಾತ್ರ ಜೆಂಟ್ಸ್ ಟೈಲರ್‌ಗೆ ಅಷ್ಟು ಅಭ್ಯಾಸ ಇರುವುದಿಲ್ಲ. ನಿಜ ಹೇಳಬೇಕೆಂದರೆ ಅದು ಲೇಡೀಸ್ ಟೈಲರ್ ಕೆಲಸ. ಎದೆಯಿಂದ ಸೊಂಟಕ್ಕೆ ಪ್ರಿನ್ಸೆಸ್ ಕಟ್, ಅಲ್ಲಿಂದ ಕೆಳಗೆ ಅನಾರ್ಕಲಿಗೆ ಇಡುವಂತೆ ಕಲಿ, ಅಂದರೆ ಮೇಲೆ ಕಿರಿದು, ಕೆಳಗೆ ಅಗಲ ಇರುವ ಬಟ್ಟೆ ತುಂಡುಗಳು. ಬ್ಲೌಸು, ಅನಾರ್ಕಲಿ ಹೊಲಿಯುವ ಯಾವ ಅಕ್ಕನಿಗಾದರೂ ಇದು ಗೊತ್ತು. ಘೇರಿಗೆ ಬಟ್ಟೆ ಜಾಸ್ತಿ ಬೇಕು, 58 ಇಂಚು ಪನ್ನದಲ್ಲಿ ಐದು ಮೀಟರ್ ಹಿಡಿಯಿರಿ. ಬಟ್ಟೆಗೆ ಸ್ವಲ್ಪ ತೂಕ ಇರಬೇಕು, ಹಗುರ ಆದರೆ ತಿರುಗಿದಾಗ ಹಾರುತ್ತದೆಯೇ ಹೊರತು ಬೀಸುವುದಿಲ್ಲ. ಕಲಿ ಹೊಲಿದ ಮೇಲೆ ಒಂದು ದಿನ ಹ್ಯಾಂಗರ್‌ನಲ್ಲಿ ತೂಗುಹಾಕಿ, ಕ್ರಾಸ್ ಬಂದ ಕಡೆ ಬಟ್ಟೆ ಜೋಲುತ್ತದೆ, ಆಮೇಲೆ ಅಂಚು ಸರಿ ಮಾಡಿ ಹೆಮ್ಮಿಂಗ್ ಮಾಡಿಸಿ. ಅವಸರ ಮಾಡಿದರೆ ಒಂದು ಕಡೆ ಉದ್ದ ಒಂದು ಕಡೆ ಗಿಡ್ಡ.

ಪ್ರಶ್ನೆ: ಸಿನಿಮಾದಲ್ಲಿ ಒಂದೊಂದು ಸೀನಿನಲ್ಲಿ ಕೋಟು ಒಂದೊಂದು ಬಣ್ಣ ಕಾಣುತ್ತದೆ. ಯಾವುದು ನಿಜ?
– ಎನ್. ಜಿ., ಬೆಂಗಳೂರು

ಉತ್ತರ: ಯಾವುದೂ ಅಲ್ಲ. ಮೇಲೆ ಹೇಳಿದ ‘2049’ ಕೋಟು ಕಡು ಹಸಿರು. ಆದರೆ ಲಾಸ್ ವೇಗಸ್ ಭಾಗದಲ್ಲಿ ಪರದೆ ಪೂರ್ತಿ ಕಿತ್ತಳೆ, ಅಲ್ಲಿ ಕೋಟು ಕಂದು ಕಾಣುತ್ತದೆ. ಹಿಮದಲ್ಲಿ ಕಪ್ಪೇ. ಛಾಯಾಗ್ರಾಹಕ ರೋಜರ್ ಡೀಕಿನ್ಸ್‌ಗೆ ಆಸ್ಕರ್ ಸುಮ್ನೆ ಬಂದಿಲ್ಲ. ‘ಮ್ಯಾಟ್ರಿಕ್ಸ್’ನಲ್ಲಂತೂ ಕಂಪ್ಯೂಟರ್ ಲೋಕದ ಸೀನುಗಳಿಗೆಲ್ಲ ಬೇಕಂತಲೇ ಹಸಿರು ಛಾಯೆ ಕೊಟ್ಟಿದ್ದಾರೆ. ಅದನ್ನು ನೋಡಿ ಹಸಿರುಗಪ್ಪು ಬಟ್ಟೆ ತಂದವರಿದ್ದಾರೆ. ಅಂಗಡಿಯಲ್ಲಿ ಟ್ಯೂಬ್‌ಲೈಟ್ ಕೆಳಗೆ ಬಣ್ಣ ಒಪ್ಪಬೇಡಿ. ಒಂದು ತುಂಡು ಕೇಳಿ ಇಸಿದುಕೊಂಡು ಹೊರಗೆ ಬಿಸಿಲಲ್ಲಿ, ನೆರಳಲ್ಲಿ ನೋಡಿ, ಮೊಬೈಲಿನಲ್ಲಿ ಫೋಟೋನೂ ತೆಗೆಯಿರಿ. ಕಾಮಿಕ್ ಕಾನ್‌ನಲ್ಲಿ ನಿಮ್ಮನ್ನು ಕಣ್ಣಿಗಿಂತ ಕ್ಯಾಮೆರಾ ಜಾಸ್ತಿ ನೋಡುತ್ತದೆ ಅಲ್ವಾ?

ಪ್ರಶ್ನೆ: ನಮ್ಮ ಮಗ ಹೀಗೇ ಯಾವುದೋ ಇಂಗ್ಲಿಷ್ ಸಿನಿಮಾದ ಕೋಟು ಬೇಕು ಅಂತ ಹಟ ಹಿಡಿದಿದ್ದಾನೆ. ನಮ್ಮೂರ ಬಿಸಿಲಿಗೆ ಬನಿಯನ್ನೇ ಹೆಚ್ಚು. ಹೇಗೆ ಬುದ್ಧಿ ಹೇಳುವುದು?
– ನೊಂದ ತಾಯಿ, ಕಲಬುರಗಿ

ಉತ್ತರ: ಬುದ್ಧಿ ಹೇಳುವ ಕೆಲಸ ನನ್ನದಲ್ಲ ಅಮ್ಮಾ, ಹೊಲಿಯುವುದು ನನ್ನ ಕೆಲಸ. ಲೈನಿಂಗ್ ಪೂರ್ತಿ ಹಾಕಿಸಬೇಡಿ, ಬೆನ್ನಿನ ಮೇಲ್ಭಾಗ ಮತ್ತು ತೋಳಿಗೆ ಮಾತ್ರ ಸಾಕು. ಅದೂ ಪಾಲಿಯೆಸ್ಟರ್ ಬೇಡ, ವಿಸ್ಕೋಸ್ ಅಥವಾ ತೆಳು ಕಾಟನ್. ಕಂಕುಳಲ್ಲಿ ಎರಡು ಸಣ್ಣ ತೂತಿಗೆ ಐಲೆಟ್ (ಲೋಹದ ಉಂಗುರ) ಹೊಡೆಸಿ, ಹೊರಗೆ ಕಾಣಲ್ಲ. ಬೆನ್ನ ಹಿಂದಿನ ಸೀಳು ಸ್ವಲ್ಪ ಎತ್ತರಕ್ಕೆ ಇರಲಿ. ಇಷ್ಟು ಮಾಡಿದರೂ ಮೇ ತಿಂಗಳಲ್ಲಿ ಹತ್ತು ನಿಮಿಷಕ್ಕೆ ಅವನೇ ಬಿಚ್ಚಿ ಕೊಡುತ್ತಾನೆ, ನೀವೇನೂ ಹೇಳಬೇಕಿಲ್ಲ.

ಪ್ರಶ್ನೆ: ನಾನು ಐರ್ಲೆಂಡ್‌ನಲ್ಲಿ ಕೆಲಸದಲ್ಲಿದ್ದೇನೆ. ರಜೆಗೆ ಮೈಸೂರಿಗೆ ಬಂದಾಗ ‘2049’ ಥರದ ಕೋಟು ಹೊಲಿಸಿಕೊಂಡು ಹೋಗಬೇಕು. ಇದು ವೇಷಕ್ಕಲ್ಲ, ದಿನಾ ಹಾಕುವುದಕ್ಕೆ. ಏನು ಗಮನಿಸಬೇಕು?
– ವಿ., ಡಬ್ಲಿನ್

ಉತ್ತರ: ಅಳತೆ ಕೊಡುವಾಗ ಸ್ವೆಟರ್ ಹಾಕಿಕೊಂಡು ನಿಲ್ಲಿ. ಮೈಸೂರಿನ ಟೈಲರ್ ಟೀ ಶರ್ಟ್ ಮೇಲೆ ಟೇಪ್ ಹಿಡಿದರೆ ಅಲ್ಲಿ ಡಿಸೆಂಬರ್‌ನಲ್ಲಿ ಕೈ ಎತ್ತಲು ಆಗುವುದಿಲ್ಲ. ಎದೆಗೆ ಆರು ಇಂಚು ಲೂಸ್ ಇರಲಿ. ಆರ್ಮ್‌ಹೋಲ್ ಬಿಗಿ ಅನ್ನಿಸಿದರೆ ಕೆಲವರು ಅದನ್ನು ಕೆಳಕ್ಕೆ ಕೊರೆಯುತ್ತಾರೆ, ಹಾಗೆ ಮಾಡಲು ಬಿಡಬೇಡಿ, ಕೈ ಎತ್ತಿದರೆ ಇಡೀ ಕೋಟೇ ಮೇಲೆ ಬರುತ್ತದೆ. ಬೇಕಿದ್ದರೆ ಬೆನ್ನಿಗೆ ಅಗಲ ಕೊಡಲಿ. ಲೈನಿಂಗ್ ಒಳಗೆ ತೆಳು ಕ್ವಿಲ್ಟಿಂಗ್, ಅಂದರೆ ಬೆಚ್ಚಗಿಡುವ ಮೆತ್ತನೆ ಪದರ, ಹಾಕಿಸಿ. ಊರಿಗೆ ಬಂದ ಮೊದಲ ವಾರವೇ ಬಟ್ಟೆ ಕೊಟ್ಟುಬಿಡಿ, ಕೊನೆಯ ವಾರದಲ್ಲಿ ಟ್ರಯಲ್ ಅಂತ ಇಟ್ಟುಕೊಂಡರೆ ‘ನಾಳೆ ಬನ್ನಿ ಸರ್’ ಅಂತಲೇ ಫ್ಲೈಟ್ ಹತ್ತಬೇಕಾಗುತ್ತದೆ. ನೀವು ನಿಜವಾದ ಮಳೆಯಲ್ಲೇ ಹಾಕುವವರಾದ್ದರಿಂದ ಭುಜದ ಹೊಲಿಗೆಗೆ ಒಳಗಿನಿಂದ ವಾಟರ್‌ಪ್ರೂಫ್ ಟೇಪ್ ಹಚ್ಚಿಸಿ. ಬಟ್ಟೆ ನೀರು ತಡೆದರೂ ಸೂಜಿ ತೂತು ತಡೆಯುವುದಿಲ್ಲ.

ಪ್ರಶ್ನೆ: ಹೀಗೆ ಸಿನಿಮಾ ಕೋಟು ಕಾಪಿ ಮಾಡಿ ಮಾರಬಹುದಾ?
– ಟೈಲರ್ ಒಬ್ಬರು, ಹಾಸನ

ಉತ್ತರ: ಗಿರಾಕಿ ಕೇಳಿದರು, ಅವರಿಗೊಂದು ಹೊಲಿದುಕೊಟ್ಟಿರಿ, ಅದರಲ್ಲಿ ತಲೆನೋವು ಇಲ್ಲ. ಸಿನಿಮಾದ ಹೆಸರು, ಲೋಗೋ, ನಟನ ಫೋಟೋ ಬೋರ್ಡಿಗೆ ಹಾಕಿ ಡಜನ್ ಲೆಕ್ಕದಲ್ಲಿ ಮಾರಲು ಹೊರಟರೆ ಟ್ರೇಡ್‌ಮಾರ್ಕ್ ತಕರಾರು ಬರಬಹುದು. ಅಷ್ಟು ದೊಡ್ಡ ಯೋಚನೆ ಇದ್ದರೆ ಮೊದಲು ವಕೀಲರ ಹತ್ತಿರ ಮಾತಾಡಿ.

ಪ್ರಶ್ನೆ: ಅಣ್ಣಾ, ಮನೆಯಲ್ಲಿ ಹೊಲಿಗೆ ಮಷೀನ್ ಇದೆ, ಬ್ಲೌಸು ಹೊಲಿದು ಅಭ್ಯಾಸ ಇದೆ. ತಮ್ಮನಿಗೆ ಈ ತುಪ್ಪಳದ ಕಾಲರ್ ಕೋಟನ್ನು ನಾನೇ ಹೊಲಿಯಬಹುದಾ? ನಕಲಿ ತುಪ್ಪಳ ಕತ್ತರಿಸಿದರೆ ಮನೆಯೆಲ್ಲ ಕೂದಲು ಅಂತ ಕೇಳಿದ್ದೇನೆ.
– ಶಿವಮೊಗ್ಗದ ಓದುಗರು

ಉತ್ತರ: ಹೊಲಿಯಬಹುದು ತಂಗೀ, ಧಾರಾಳವಾಗಿ. ಬ್ಲೌಸ್ ಹೊಲಿಯುವವರ ಕೈ ಕೋಟಿಗೆ ಬೇಗ ಕೂರುತ್ತದೆ. ತುಪ್ಪಳವನ್ನು ಕತ್ತರಿಯಿಂದ ಕತ್ತರಿಸಲೇಬೇಡ. ಉಲ್ಟಾ ಹಾಸಿ, ಹಿಂಬದಿಯ ಬಟ್ಟೆಯ ಮೇಲೆ ಗುರುತು ಹಾಕಿ, ಬ್ಲೇಡಿನ ತುದಿಯಿಂದ ಆ ಬಟ್ಟೆ ಒಂದನ್ನು ಮಾತ್ರ ಸೀಳು. ಆಮೇಲೆ ಎರಡೂ ಕೈಯಲ್ಲಿ ಹಿಡಿದು ನಿಧಾನಕ್ಕೆ ಎಳೆದರೆ ಕೂದಲು ತಾನಾಗಿ ಬಿಡಿಸಿಕೊಳ್ಳುತ್ತದೆ, ಒಂದೂ ತುಂಡಾಗುವುದಿಲ್ಲ. ಕತ್ತರಿ ಹಾಕಿದರೆ ಅಂಚಿನ ಕೂದಲೆಲ್ಲ ಮೋಟಾಗಿ, ಕಾಲರ್ ಸುತ್ತ ಬೋಳು ಗೆರೆ ಕಾಣುತ್ತದೆ. ಕತ್ತರಿಸುವ ಮೊದಲು ಒಂದು ಸಲ ಸವರಿ ಕೂದಲು ಯಾವ ಕಡೆ ಮಲಗುತ್ತದೆ ನೋಡು, ಕಾಲರಿನ ಎರಡೂ ಬದಿ ಒಂದೇ ದಿಕ್ಕಿಗೆ ಇರಬೇಕು. ಹೊಲಿಯುವಾಗ ಕೂದಲನ್ನು ಒಳಕ್ಕೆ ತಳ್ಳಿ ಹೊಲಿ, ಮುಗಿದ ಮೇಲೆ ಹೊಲಿಗೆಯಲ್ಲಿ ಸಿಕ್ಕಿಕೊಂಡ ಕೂದಲನ್ನು ದಪ್ಪ ಸೂಜಿಯಿಂದ ಮೀಟಿ ಹೊರಗೆ ಎಳೆ. ಆಗ ಜೋಡಣೆ ಎಲ್ಲಿದೆ ಅಂತಲೇ ಗೊತ್ತಾಗಲ್ಲ.

ಕೋಟಿಂಗ್ ಬಟ್ಟೆಗೆ 16ನೇ ನಂಬರ್ ಸೂಜಿ ಹಾಕು. ಹೊಲಿಗೆ ಉದ್ದಕ್ಕಿರಲಿ, ಮೂರೂವರೆಯಿಂದ ನಾಲ್ಕು ಮಿಲಿಮೀಟರ್. ಒತ್ತೊತ್ತಾಗಿ ಹೊಲಿದರೆ ಬಟ್ಟೆ ಅಂಚೆಚೀಟಿ ಥರ ಅಲ್ಲೇ ಹರಿಯುತ್ತದೆ. ಗುಂಡುಪಿನ್ನು ಬೇಡ, ಬಟ್ಟೆ ಒಣಗಿಸುವ ಕ್ಲಿಪ್ಪೇ ಸಾಕು. ಮಷೀನಿನ ಪಾದಕ್ಕೆ ಬಟ್ಟೆ ಅಂಟಿಕೊಂಡು ಮುಂದೆ ಹೋಗದಿದ್ದರೆ ಟೆಫ್ಲಾನ್ ಪಾದ ಅಂತ ಸಿಗುತ್ತದೆ, ಮಷೀನ್ ರಿಪೇರಿ ಅಂಗಡಿಯಲ್ಲಿ ಕೇಳು. ಕಾಲರ್ ಜೋಡಿಸುವ ಜಾಗದಲ್ಲಿ ಐದಾರು ಪದರ ಬರುತ್ತದೆ, ಅಲ್ಲಿ ಪೆಡಲ್ ತುಳಿಯಬೇಡ, ಚಕ್ರವನ್ನು ಕೈಯಲ್ಲಿ ತಿರುಗಿಸು. ಇಸ್ತ್ರಿ ನೇರವಾಗಿ ಇಡಬೇಡ, ಮೇಲೆ ಕಾಟನ್ ಬಟ್ಟೆ ಹಾಸಿ ಕಡಿಮೆ ಬಿಸಿಯಲ್ಲಿ ಒತ್ತು. ತುಪ್ಪಳದ ಹತ್ತಿರವಂತೂ ಇಸ್ತ್ರಿ ತರಲೇಬೇಡ, ಕರಗಿ ಗಂಟು ಕಟ್ಟುತ್ತದೆ.

ಗುಂಡಿ ತೂರಿಸುವ ಕಾಜಾ ಮಾತ್ರ ಕಾಜಾ ಮಾಡುವವರ ಹತ್ತಿರವೇ ಮಾಡಿಸು, ಒಂದು ವೇಸ್ಟ್ ತುಂಡಿನ ಮೇಲೆ ಮೊದಲು ಹಾಕಿಸಿ ನೋಡು. ಹಾಂ, ಒಗೆಯುವುದನ್ನು ಕೇಳಲಿಲ್ಲ, ಆದರೂ ಹೇಳಿಬಿಡುತ್ತೇನೆ. ವಾಷಿಂಗ್ ಮಷೀನಿಗೆ ಹಾಕಬೇಡಿ ಅಂತ ತಮ್ಮನಿಗೆ ಈಗಲೇ ಹೇಳು. ಒದ್ದೆ ಬಟ್ಟೆಯಲ್ಲಿ ಒರೆಸಿ ನೆರಳಲ್ಲಿ ತೂಗುಹಾಕಿದರೆ ಸಾಕು, ತುಪ್ಪಳ ಅಂಟಿಕೊಂಡಿದ್ದರೆ ಹಲ್ಲು ಅಗಲ ಇರುವ ಬಾಚಣಿಗೆಯಲ್ಲಿ ಒಂದು ಸಲ ಬಾಚಬೇಕು.